ಹೋದ ತೋಡು (ಕಟಾವು) ಸಿಹಿ, ಈ ತೋಡು ಸಪ್ಪ: ಪಪ್ಪಾಯಿ ರುಚಿ ವಾರಕ್ಕೊಮ್ಮೆ ಯಾಕ ಬದಲಾಗ್ತದ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಹುಮನಾಬಾದ್ ತಾಲೂಕಿನಾಗ ಎರಡು ಎಕರೆ ರೆಡ್ ಲೇಡಿ ಪಪ್ಪಾಯಿ ಅದ, ಹೋದ ಅಕ್ಟೋಬರ್‌ನಾಗ ಹಚ್ಚಿದ್ದು. ಒಂದು ಎಕರೆ ಕೆಂಪು ಮಣ್ಣು, ಇನ್ನೊಂದು ಯರಿ (ಕಪ್ಪು ಮಣ್ಣು). ಆಗಸ್ಟ್ ಮೂರನೇ ವಾರ ಹರಿದ ಹಣ್ಣು ಭಾಳ ಸಿಹಿ ಇದ್ವು, ವ್ಯಾಪಾರಿ ಖುಷಿಲಿಂದ ಒಯ್ದ. ಸೆಪ್ಟೆಂಬರ್ ಎರಡನೇ ವಾರ ಅದೇ ಗಿಡದ ಹಣ್ಣು ಕುಂಬಳಕಾಯಿ ತಿಂದಂಗ ಸಪ್ಪಗ. ನಡುವ ಹತ್ತು ದಿನ ಜಿಟಿಜಿಟಿ ಮಳಿ ಹಿಡಿದಿತ್ತು. ವ್ಯಾಪಾರಿ ರೇಟ್ ಅರ್ಧ ಮಾಡಿ 'ಗೊಬ್ಬರ ಕಮ್ಮಿ ಹಾಕೀರಿ' ಅಂತಾನ. ಬರೇ ಒಂದೆರಡು ವಾರದ ಹವಾಮಾನಕ್ಕ ಇಷ್ಟು ಫರಕ್ ಬೀಳ್ತದೇನ್ರಿ? ಬದುವಿನ ಮ್ಯಾಲ 30 ಕೇಸರ್ ಮಾವಿನ ಗಿಡ, ಒಂದಿಷ್ಟು ಪೇರಲ ಅವ, ಅವಕ್ಕೂ ಹಿಂಗೇ ಆಗ್ತದೇನು?

ಉತ್ತರ:

ಬೀಳ್ತದ್ರಿ, ಖರೇನೇ ಬೀಳ್ತದ. ಮೊದಲು ಒಂದು ಕೆಲಸ ಮಾಡ್ರಿ, ಆ ಯೂರಿಯಾ ಚೀಲ ಬಿಚ್ಚಬ್ಯಾಡ್ರಿ. ಸಪ್ಪಗಾಯ್ತು ಅಂದ ಕೂಡ್ಲೇ ಗೊಬ್ಬರ ಅನ್ನೋದು ನಮ್ ಕಡಿ ಎಲ್ಲಾರ ಬಾಯಾಗೂ ಇರೋ ಮಾತು, ವ್ಯಾಪಾರಿಗೆ ಅದು ಅನುಕೂಲನೂ ಹೌದು, ತಪ್ಪು ನಿಮ್ಮ ಮ್ಯಾಲ ಬಂತು ಅಂದ್ರ ರೇಟ್ ಇಳಿಸ್ಲಾಕ ಅವನಿಗೆ ದಾರಿ ಆಯ್ತಲ್ಲ. ಆದ್ರ ಅದೇ ಗಿಡ, ಅದೇ ಗೊಬ್ಬರ, ಮೂರು ವಾರದ ಹಿಂದ ಸಿಹಿ ಕೊಟ್ಟಿತ್ತು ಅಂತ ನೀವೇ ಹೇಳೀರಿ. ನಡುವ ಬದಲಾಗಿದ್ದು ಏನು ಅಂದ್ರ ಮಳಿ ಒಂದೇ.

ಹಂಗಂತ 'ಮಳಿ ಬಂತು, ಹಣ್ಣು ಸಪ್ಪಗಾಯ್ತು' ಅಂತ ಅಷ್ಟಕ್ಕೇ ಬಿಟ್ರ ಮುಂದಿನ ಸರ್ತಿ ನಿಮಗೆ ಏನೂ ಉಪಯೋಗ ಆಗಂಗಿಲ್ಲ. ಆ ಮಳಿ ವಾರ ಬಂದಾಗ ಕಾಯಿ ಯಾವ ವಯಸ್ಸಿನಾಗ ಇತ್ತು ಅಂತ ಕೇಳ್ಬೇಕು. ಅದೇ ಮಳಿ ಜುಲೈನಾಗ ಬಂದಿದ್ರ ಆಗಸ್ಟ್ ಕೊನಿ ತೋಡಿಗೆ ಬಹುಶಃ ನಿಮಗೆ ಗೊತ್ತೂ ಆಗ್ತಿರ್ಲಿಲ್ಲ.

ನಮ್ ಹಿರಿಯರು ವಾರದ ಲೆಕ್ಕ ಹಿಡಿತಿದ್ದಿಲ್ಲ, ಮಳಿ ಲೆಕ್ಕ ಹಿಡಿತಿದ್ರು. ಮಿರಗ, ಆರಿದ್ರಾ, ಪುಷ್ಯ, ಹುಬ್ಬಾ, ಉತ್ತರಾ, ಹಸ್ತ ಅಂತ, ಒಂದೊಂದು ಮಳಿ 13-14 ದಿನ. ನಿಮಗ ಹಿಡಿದಿದ್ದು ಹುಬ್ಬಾ ಮಳಿ, ಆಗಸ್ಟ್ 30ರ ಸುಮಾರಿಗೆ ಕೂಡೋದು. ಯಾವ ಮಳಿಗೆ ತೊಗರಿ ಏನಾಗ್ತದ, ಯಾವ ಮಳಿಗೆ ಬಿಳಿಜೋಳ ಬಿತ್ತಬೇಕು ಅಂತ ಅವರಿಗೆ ಬಾಯಿಪಾಠ ಇತ್ತು. ಪಪ್ಪಾಯಿ ಹಿಂಗ ಎಕರೆಗಟ್ಲೆ ಹಚ್ಚೋದು ಮೊನ್ನೆ ಮೊನ್ನೆ ಶುರುವಾಗಿದ್ದು, ಅದಕ್ಕ ಯಾರೂ ಗಾದಿ ಕಟ್ಟಿಲ್ಲ, ನಾವೇ ಲೆಕ್ಕ ಹಾಕ್ಬೇಕು.

ಲೆಕ್ಕ ಹಿಂಗದ ನೋಡ್ರಿ. ಪಪ್ಪಾಯಿ ಹೂವಿನಿಂದ ಹಣ್ಣಿಗೆ ಬರ್ಲಾಕ ನಮ್ ಬಿಸಲಿಗೆ ಸುಮಾರು ಐದು ತಿಂಗಳು, ಥಂಡಿಯೊಳಗ ಬೆಳೆದ್ರ ಇನ್ನೂ ತಡ. ಮೊದಲಿನ ಮೂರ್ನಾಲ್ಕು ವಾರ ಕಾಯಿಯೊಳಗಿನ ಜೀವಕಣಗಳು ಎಷ್ಟು ಆಗ್ಬೇಕು ಅಂತ ತೀರ್ಮಾನ ಆಗ್ತದ, ಆವಾಗ ಗಿಡ ಬಳಲಿದ್ರ ಕಾಯಿ ಸಣ್ಣದಾಗೇ ಉಳಿತದ, ಆಮ್ಯಾಲ ಎಷ್ಟು ಉಪಚಾರ ಮಾಡಿದ್ರೂ ಸೈಜ್ ಬರಂಗಿಲ್ಲ. ನಡುವಿನ ತಿಂಗಳುಗಳು ಹಿಗ್ಗೋ ತಿಂಗಳು, ನೀರು ತುಂಬಿಕೊಳ್ತದ. ಸಕ್ಕರಿ ಬರೋದು ಕೊನಿಗೆ, ಗಿಡದ ಮ್ಯಾಲಿನ ಕೊನೇ ನಾಲ್ಕರಿಂದ ಆರು ವಾರದಾಗ. ನಿಮ್ಮ ಸೆಪ್ಟೆಂಬರ್ ಹಣ್ಣು ತಗೊಳ್ರಿ, ಅವು ಏಪ್ರಿಲ್‌ನಾಗ ಕಾಯಿ ಕಟ್ಟಿದ್ವು, ಸಕ್ಕರಿ ತುಂಬೋ ಹೊತ್ತಿಗೆ ಸರಿಯಾಗಿ ಹುಬ್ಬಾ ಮಳಿ ಬಂದು ಕೂತದ.

ಇನ್ನ ಪಪ್ಪಾಯಿದು ಒಂದು ಗುಣ ಅದ, ಇದು ತಿಳಿದ್ರ ಅರ್ಧ ಉತ್ತರ ಸಿಕ್ಕಂಗ. ಮಾವಿನಕಾಯಿ ಗಿಡದಿಂದ ಇಳಿಯುವಾಗ ಬುತ್ತಿ ಕಟ್ಕೊಂಡೇ ಇಳಿತದ, ಅಂದ್ರ ಒಳಗ ಪಿಷ್ಟ ಇರ್ತದ, ಅಡಿಗಿ ಹಾಕಿದ (ಹುಲ್ಲಿನಾಗ ಹಣ್ಣಿಗಿಟ್ಟ) ಮ್ಯಾಲ ಆ ಪಿಷ್ಟ ಸಕ್ಕರಿ ಆಗ್ತದ. ಬಾಳೆಕಾಯಿನೂ ಹಂಗೇ. ಪಪ್ಪಾಯಿ ಹತ್ರ ಆ ಬುತ್ತಿ ಇರಂಗಿಲ್ಲ. ಹರಿಯುವಾಗ ಎಷ್ಟು ಸಿಹಿ ಇತ್ತೋ ಅಷ್ಟೇ, ಆಮ್ಯಾಲ ಬಣ್ಣ ಬರ್ತದ, ಮೆತ್ತಗ ಆಗ್ತದ, ಸಿಹಿ ಮಾತ್ರ ಏರಂಗಿಲ್ಲ. ಪೇಪರ್ ಸುತ್ತಿ ಇಟ್ರೂ ಅಷ್ಟೇ, ಹುಲ್ಲಿನಾಗ ಮುಚ್ಚಿದ್ರೂ ಅಷ್ಟೇ. ಸಕ್ಕರಿ ಪೂರಾ ಎಲಿಯಿಂದ ಬರ್ಬೇಕು, ಕಾಯಿ ಗಿಡಕ್ಕ ಜೋತುಬಿದ್ದಾಗಲೇ ಬರ್ಬೇಕು. ಹಂಗಾಗಿ ಕೊನೇ ವಾರಗಳ ಹವಾಮಾನ ಪಪ್ಪಾಯಿಗೆ ತಟ್ಟಿದಂಗ ಮಾವಿಗೆ ತಟ್ಟಂಗಿಲ್ಲ.

ಈಗ ಆ ಹತ್ತು ದಿನದಾಗ ಏನಾಯ್ತು ಅಂತ ನೋಡೋಣ. ಒಂದು, ದಟ್ಟ ಮೋಡ ಇದ್ದ ದಿನ ಎಲಿಗೆ ಬೀಳೋ ಬೆಳಕು ಬಿಚ್ಚು ಬಿಸಲಿನ ಅರ್ಧಕ್ಕಿಂತನೂ ಕಮ್ಮಿ, ಎಲಿ ಅಡಿಗಿ ಮಾಡೋದೇ ಕಮ್ಮಿ ಆಯ್ತು. ಎರಡು, ನೆಲದಾಗ ನೀರು ಭಾಳ ಇತ್ತು, ಬೇರು ಎಳ್ಕೊಂಡು ಕಾಯಿಗೆ ಕಳಿಸ್ತು, ಇದ್ದ ಸಕ್ಕರಿನೂ ತೆಳ್ಳಗಾಯ್ತು, ಚಹಾಕ್ಕ ನೀರು ಬೆರೆಸಿದಂಗ. ಇವೆರಡೂ ತಾತ್ಕಾಲಿಕ. ಮಳಿ ನಿಂತು ಬಿಸಲು ಬಿಚ್ಚಿ, ನೆಲ ಒಂದಿಷ್ಟು ಆರಿದ್ರ ಕಾಯಿ ಮತ್ತ ಚೇತರಿಸ್ಕೊಳ್ತದ. ಮೂರನೇದ್ದು ಅದಲ್ಲ, ಅದು ತಾತ್ಕಾಲಿಕ ಅಲ್ಲ, ಭಾಳ ಮಂದಿ ಮೋಸ ಹೋಗೋದು ಅಲ್ಲೇ, ನಾನೂ ಹೋಗೀನಿ.

ನೌಕರಿಗೆ ಸೇರಿದ ಹೊಸದ್ರಾಗ ಶಹಾಪುರ ಕಡಿ ಕಾಲುವಿ ಕೆಳಗಿನ ಹೊಲ, ಯರಿ ಮಣ್ಣು, ಸುತ್ತ ಎಲ್ಲಾ ಭತ್ತ. ಅಲ್ಲಿನ ಒಬ್ಬ ರೈತರು ನಿಮ್ಮಂಗೇ ಪಪ್ಪಾಯಿ ಸಪ್ಪಗಾಗ್ಯಾವ ಅಂದ್ರು, ನಾನು ಪುಸ್ತಕ ಓದಿದ ಹುರುಪಿನಾಗ ಪೊಟ್ಯಾಷ್ ಸ್ಪ್ರೇ ಬರೆದುಕೊಟ್ಟೆ, ವಾರಕ್ಕೊಂದರಂತೆ ಮೂರು. ಏನೂ ಆಗ್ಲಿಲ್ಲ. ನಾಲ್ಕನೇ ವಾರ ಹೋದಾಗ ಅವರ ತಾಯಿ, ವಯಸ್ಸಾದವರು, 'ತಮ್ಮ, ಮ್ಯಾಲ ನೋಡ್ತೀದಿ, ಕೆಳಗ ನೋಡು' ಅಂದ್ರು. ಖುರ್ಪಿ ತಗೊಂಡು ಬುಡ ಕೆದರಿದ್ರ ಗೇಣು ಆಳಕ್ಕೇ ನೀರು ಜಿನುಗ್ತದ, ಬೇರು ಹಿಡಿದು ಎಳೆದ್ರ ಮ್ಯಾಲಿನ ಸಿಪ್ಪಿ ಬೆರಳಿನಾಗೇ ಉಳೀತು, ಒಳಗಿನ ನಾರು ತೊಯ್ದ ದಾರದಂಗ ಜೋತುಬಿತ್ತು, ವಾಸನಿ ಅಂದ್ರ ಕೊಳತ ಗಟಾರದ್ದೇ. ಬೇರೇ ಇಲ್ಲದ ಗಿಡಕ್ಕ ನಾನು ಎಲಿ ಮ್ಯಾಲ ಪೊಟ್ಯಾಷ್ ಹೊಡಿಸ್ಲಾಕತ್ತಿದ್ದೆ. ಪಪ್ಪಾಯಿ ಬೇರು ನಿಂತ ನೀರಿನಾಗ ಎರಡು ದಿನ ತಡಿಯೋದೇ ಹೆಚ್ಚು. ಬೇರು ಕೊಳೆತ್ರ ಕೆಳಗಿನ ಎಲಿ ಹಳದಿ ಆಗಿ ಉದುರ್ತಾವ, ಎಲಿ ಉದುರಿದ್ರ ಸಕ್ಕರಿ ಮಾಡೋರು ಯಾರು? ಹಂಗಾದ ಗಿಡದಾಗ ನೀವು ಎಷ್ಟೇ ದಿನ ಕಾದ್ರೂ ಹಣ್ಣು ಸಿಹಿ ಆಗಂಗಿಲ್ಲ, ಹೊಸ ಬೇರು ಹೊಸ ಎಲಿ ಬರೋತನಕ.

ಅದಕ್ಕ ನಿಮ್ಮ ಎರಡು ಎಕರೆನ ಒಂದೇ ತೋಟ ಅಂತ ನೋಡಬ್ಯಾಡ್ರಿ, ಎರಡು ಬ್ಯಾರೆ ತೋಟ ಅಂತ ತಿಳ್ಕೊಳ್ರಿ. ಕೆಂಪು ಮಣ್ಣಿನ ಕೆಳಗ ಜಂಬಿಟ್ಟಿಗಿ ಇರ್ತದ, ಬೀದರ್ ಸೀಮಿಯ ಜಂಬಿಟ್ಟಿಗಿಯೊಳಗ ನೀರು ಸರಸರ ಇಳಿತದ. ಬಹಮನಿ ಕಾಲದವರು ಬೀದರ್ ಪಕ್ಕದ ನೌಬಾದ್ ಕಡಿಂದ ಆ ಸುರಂಗ ಬಾವಿ ತೋಡಿದ್ದು ಇದೇ ಗುಣ ನೋಡಿ, ಕಲ್ಲು ಕುಡಿದ ನೀರನ್ನ ನೆಲದೊಳಗೇ ಹರಿಸ್ಕೊಂಡು ಒಯ್ಯೋದು. ಆ ಎಕರೆದಾಗ ಮಳಿ ನಿಂತು ಎರಡ್ಮೂರು ದಿನ ಬಿಸಲು ಬಿದ್ರ ಹರಿಲಾಕ ಶುರು ಮಾಡಬಹುದು. ಯರಿ ಹಂಗಲ್ಲ, ನೀರು ಹಿಡಿದ್ರ ಬಿಡಂಗೇ ಇಲ್ಲ, ಮ್ಯಾಲ ಬಿರುಕು ಬಿಟ್ಟಂಗ ಕಂಡ್ರೂ ಗೇಣು ಕೆಳಗ ಹಸಿ. ಅಲ್ಲಿ ಐದಾರು ದಿನ ಕಾಯ್ರಿ. ಸೆಪ್ಟೆಂಬರ್‌ನಾಗ ಎರಡೂ ಎಕರೆದು ಒಂದೇ ದಿನ ಹರಿದು ಒಂದೇ ಗಾಡಿಗೆ ತುಂಬೀರಿ ಅಂತ ನನ್ನ ಅಂದಾಜು, ಹಂಗಾಗಿದ್ರ ಯರಿ ಹಣ್ಣು ಕೆಂಪು ಮಣ್ಣಿನ ಹಣ್ಣಿನ ಮರ್ಯಾದಿನೂ ಕಳದದ.

ಎಲಿ ಎಣಿಸ್ರಿ. ತಮಾಷಿ ಅಲ್ಲ, ಹತ್ತು ಗಿಡ ಆರಿಸ್ಕೊಂಡು ಖರೇನೇ ಎಣಿಸ್ರಿ. ಗಟ್ಟಿಮುಟ್ಟ ಗಿಡದ ಮ್ಯಾಲ 25-30 ಹಸರ ಎಲಿ ಇರ್ತಾವ. ಅರ್ಧಕ್ಕ ಇಳಿದ್ರೂ ಗಿಡ ಹೆಂಗರ ಸಂಭಾಳಿಸ್ತದ, ಉಳಿದ ಎಲಿಗಳೇ ಹೆಚ್ಚು ದುಡಿತಾವ. ಆದ್ರ ತುದಿಯೊಳಗ ಏಳೆಂಟು ಎಲಿ ಛತ್ರಿ ಹಿಡಿದಂಗ ಉಳಿದು ಕೆಳಗ 30 ಕಾಯಿ ಜೋತಾಡ್ತಿದ್ರ, ಆ ಗಿಡದ ಸಣ್ಣ ಕಾಯಿ, ಸೊಟ್ಟ ಕಾಯಿ ತೆಗೆದು ಹಗುರ ಮಾಡ್ರಿ. ಜೀವ ಒಪ್ಪಂಗಿಲ್ಲ, ಗೊತ್ತದ. ಆದ್ರೂ ತೆಗೀರಿ.

ಇನ್ನ ಹರಿಯೋ ಹದ. ಮಳಿ ಬರ್ತದ ಅಂತ ಸುದ್ದಿ ಬಂದ್ರ ಸಾಕು, ವ್ಯಾಪಾರಿ ಫೋನ್ ಮಾಡಿ 'ಹಸರ ಇದ್ರೂ ನಡೀತದ, ಹೈದ್ರಾಬಾದ್ ಮುಟ್ಟೋದ್ರಾಗ ಹಣ್ಣಾಗ್ತಾವ' ಅಂತಾನ. ಹಣ್ಣಾಗ್ತಾವ ಖರೆ, ಸಿಹಿ ಆಗಂಗಿಲ್ಲ, ಮ್ಯಾಲ ಹೇಳಿದ್ನಲ್ಲ. ಬುಡದ ತುದಿಯಿಂದ ಒಂದು ಹಳದಿ ಗೆರಿ ಏರಿದ ಮ್ಯಾಲೇ ಹರೀರಿ, ದೂರದ ಮಾರ್ಕೆಟ್‌ಗೆ ಅದು ಸಾಕು, ಕಲಬುರಗಿ ಬೀದರ್ ಲೋಕಲ್ ಆದ್ರ ಎರಡ್ಮೂರು ಗೆರಿ ಬರ್ಲಿ. ಡೌಟ್ ಇದ್ರ ಉಗುರಿನಿಂದ ಸಿಪ್ಪಿ ಮ್ಯಾಲ ಸಣ್ಣಗ ಗೀರ್ರಿ, ಹಾಲು ಬೆಳ್ಳಗ ದಪ್ಪಗ ಬಂದು ಇಳಿದ್ರ ಇನ್ನೂ ಎಳೇದು, ನೀರು ನೀರಾಗಿ ಬಂದ್ರ ಬಲಿತದ ಅಂತ.

ಸಾವಿರ ರೂಪಾಯಿ ಆಸುಪಾಸಿಗೆ ಒಂದು ಕೈ ರಿಫ್ರಾಕ್ಟೋಮೀಟರ್ (ಹಣ್ಣಿನ ಸಿಹಿ ಅಳಿಯೋ ಸಾಧನ) ಸಿಗ್ತದ, ಆನ್‌ಲೈನ್‌ನಾಗ ತರಿಸ್ಕೊಳ್ರಿ. ಹಣ್ಣಿನ ರಸ ಎರಡು ಹನಿ ಗಾಜಿನ ಮ್ಯಾಲ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನ ಕಡಿ ಹಿಡಿದು ನೋಡಿದ್ರ ಒಳಗ ನೀಲಿ ಬಿಳಿ ಕೂಡೋ ಗೆರಿ ಯಾವ ಅಂಕಿ ಮ್ಯಾಲ ನಿಂತದ ಅದೇ ಬ್ರಿಕ್ಸ್. ಹವಾಯಿದಾಗ ಪಪ್ಪಾಯಿ ಗ್ರೇಡ್‌ಗೆ ಕಮ್ಮಿ ಅಂದ್ರೂ 11.5 ಇರ್ಬೇಕು ಅಂತ ಇಟ್ಟಾರ. ನಿಮ್ದು 12 ಬಂದ್ರ ಧಾರಾಳ ರೇಟ್ ಕೇಳ್ರಿ, 9 ಬಂದ್ರ ಉಳಿದದ್ದು ಹರಿಯೋದು ಎರಡು ದಿನ ತಡೀರಿ. ಮುಖ್ಯ ಏನಂದ್ರ ವ್ಯಾಪಾರಿ ಮುಂದ ಹಿಡಿದು ತೋರಿಸ್ರಿ, ಗೊಬ್ಬರದ ಮಾತು ತಾನೇ ನಿಲ್ತದ.

ಮಳಿ ವಾರದ್ದು ಇನ್ನೊಂದು ಲಫಡಾ ಅದ, ಹಣ್ಣಿನ ಮ್ಯಾಲ ದುಂಡಗ ತಗ್ಗು ಬಿದ್ದ ಕಪ್ಪು ಚುಕ್ಕಿ. ಆ ಶಿಲೀಂಧ್ರ ಹಸರ ಕಾಯಿಗೆ ಮಳಿಯಾಗೇ ಹತ್ತಿ ಸುಮ್ನ ಕೂತಿರ್ತದ, ಕಾಯಿ ಹಣ್ಣಾಗ್ಲಾಕ ಹತ್ತಿದಾಗ ಎದ್ದು ಬರ್ತದ. ನೀವು ಕಳಿಸುವಾಗ ಕಾಯಿ ಕನ್ನಡಿ ಇದ್ದಂಗ ಇರ್ತದ, ಮಾರ್ಕೆಟ್‌ನಾಗ ಮೂರನೇ ದಿನಕ್ಕ ಚುಕ್ಕಿ ಏಳ್ತಾವ, ಅಲ್ಲಿಂದ ಫೋನ್ ಬರ್ತದ, 'ದಾಗಿ ಮಾಲ್ ಕಳಿಸೀರಿ' ಅಂತ. ಹೊಲದಾಗ ಬಿದ್ದ ಕೊಳತ ಹಣ್ಣು, ಒಣಗಿದ ಎಲಿ ಆರಿಸಿ ಹೊರಗ ಒಯ್ದು ಹುಗೀರಿ, ಅದರ ಬೀಜ ಅಲ್ಲೇ ಇರೋದು.

ಗೊಬ್ಬರದ ಮಾತಿಗೆ ಬಂದ್ರ, ಪಪ್ಪಾಯಿಗೆ ಗಿಡಕ್ಕೆ ವರ್ಷಕ್ಕ 250 ಗ್ರಾಂ ಸಾರಜನಕ, 250 ರಂಜಕ, 500 ಪೊಟ್ಯಾಷ್ ಅಂತ ಶಿಫಾರಸು, ಎರಡು ತಿಂಗಳಿಗೊಮ್ಮೆ ಹಂಚಿ ಕೊಡೋದು. ಪೊಟ್ಯಾಷ್ ದುಪ್ಪಟ್ಟು ಯಾಕ ಅಂದ್ರ ಸಕ್ಕರಿನ ಎಲಿಯಿಂದ ಕಾಯಿಗೆ ಸಾಗಿಸ್ಲಾಕ ಅದೇ ಬೇಕು. ಮಳಿ ನಿಂತ ಕೂಡ್ಲೇ ಯೂರಿಯಾ ಸುರಿದ್ರ ಗಿಡ ಎಲಿ ಚಿಗುರಿನ ಬೆನ್ನು ಹತ್ತಿ ಹಣ್ಣು ಇನ್ನೂ ನೀರು ನೀರು ಆಗ್ತದ. ಮೊದಲು ಯರಿ ಎಕರೆದಾಗ ಎರಡು ಸಾಲಿಗೊಂದು ಕಾಲುವಿ ತಗೀರಿ, ನೀರು ಹೊರಗ ಹೋಗ್ಲಿ. ಬುಡ ಕೊಳಿಲಾಕ ಶುರುವಾಗಿದ್ರ ತಾಮ್ರದ ಆಕ್ಸಿಕ್ಲೋರೈಡ್ ಲೀಟರ್‌ಗೆ 3 ಗ್ರಾಂ ಕಲಸಿ ಬುಡಕ್ಕ ಹಾಕ್ರಿ. ಪೊಟ್ಯಾಷ್ ಆಮ್ಯಾಲ, ಬಿಳಿ ಬೇರು ಕಂಡ ಮ್ಯಾಲ.

ನೀವು ಕೇಳ್ಲಾರದ ಒಂದು ವಿಷಯ ನಾನೇ ಹೇಳ್ತೀನಿ, ಯಾಕಂದ್ರ ಅಕ್ಟೋಬರ್‌ನಾಗ ಮತ್ತ ನೀವು ಬರೆಯೋರೇ. ಗಿಡದ ಕಾಂಡ ಕೆಳಗಿಂದ ಮ್ಯಾಲಿನ ತನಕ ನೋಡ್ರಿ, ಉದ್ದ ಕಾಯಿ ಬಿಡೋ ಗಿಡದಾಗ ನಡುವ ಒಂದು ಗೇಣೋ ಮೊಳವೋ ಕಾಯಿನೇ ಇಲ್ಲದ ಖಾಲಿ ಜಾಗ ಇರ್ತದ, ಬರೇ ಎಲಿ ಉದುರಿದ ಗುರುತು. ಅದು ನಿಮ್ಮ ಮೇ ತಿಂಗಳು. ನಮ್ ಕಡಿ ಮೇನಾಗ 42-43 ಡಿಗ್ರಿ ಹೊಡಿತದ, ಆ ಬಿಸಲಿಗೆ ಈ ಉದ್ದ ಕಾಯಿಯ ದ್ವಿಲಿಂಗಿ (ಗಂಡು ಹೆಣ್ಣು ಎರಡೂ ಒಂದೇ ಹೂವಿನಾಗ ಇರೋ) ಗಿಡದ ಹೂವು ಗಂಡು ಹೂವಿನಂಗ ಆಗಿ ಉದುರಿ ಹೋಗ್ತಾವ. ಮೇ ಹೂವು ಅಂದ್ರ ಅಕ್ಟೋಬರ್ ಹಣ್ಣು, ಹಂಗಾಗಿ ಅಕ್ಟೋಬರ್‌ನಾಗ ಮಾಲ್ ಕಮ್ಮಿ ಬೀಳ್ತದ, ಆವಾಗ ರೋಗ ಬಂತು ಅಂತ ಗಾಬರಿ ಆಗಿ ಔಷಧಿ ಅಂಗಡಿಗೆ ಓಡಬ್ಯಾಡ್ರಿ. ಗುಂಡು ಕಾಯಿ ಬಿಡೋ ಹೆಣ್ಣು ಗಿಡದಾಗ ಈ ಖಾಲಿ ಜಾಗ ಅಷ್ಟು ಕಾಣಂಗಿಲ್ಲ. ಥಂಡಿಗೆ ಉಲ್ಟಾ, ಡಿಸೆಂಬರ್ ಜನವರಿ ಹೂವಿನ ಕಾಯಿ ಕೆಲವು ಬೆಕ್ಕಿನ ಮುಖದಂಗ ಸೊಟ್ಟ ಬರ್ತಾವ, ಮತ್ತ ಆ ಥಂಡಿಯಾಗ ಹಣ್ಣಾಗೋ ಮಾಲ್ ನಿಧಾನ ಬಲಿತದ, ಸಿಹಿನೂ ಒಂದು ತೂಕ ಕಮ್ಮಿ.

ಪೇರಲಕ್ಕ ಅದೇ ಥಂಡಿ ಅಮೃತ. ಬೀದರ್ ಪೇರಲ ಡಿಸೆಂಬರ್‌ನಾಗ ತಿಂದವರಿಗೆ ಹೇಳೋದೇ ಬ್ಯಾಡ. ರಾತ್ರಿ ತಂಪಾದ್ರ ಹಣ್ಣು ಹಗಲು ಗಳಿಸಿದ್ದನ್ನ ರಾತ್ರಿ ಕಮ್ಮಿ ಖರ್ಚು ಮಾಡ್ತದ, ಸಿಹಿ ಒಳಗೇ ಉಳಿತದ. ಮಳಿಗಾಲದ ಪೇರಲ ನೀರು ನೀರು, ಮ್ಯಾಲ ಹಣ್ಣಿನ ನೊಣದ ಹುಳ ಬ್ಯಾರೆ. ಅದಕ್ಕ ತಿಳಿದವರು ಏಪ್ರಿಲ್ ಮೇ ನೀರು ನಿಲ್ಲಿಸಿ ಬ್ಯಾಸಗಿ ಹೂವು ಉದುರಿಸಿ, ಮಿರಗ ಮಳಿ ಹೂವಿಗೆ ಮಾತ್ರ ಕಾಯಿ ಬಿಡ್ಲಿ ಅಂತ ಬಿಡ್ತಾರ, ಆ ಹಣ್ಣು ನವೆಂಬರ್ ಮ್ಯಾಲ ಬರ್ತಾವ. ನೀವೂ ಹಂಗೇ ಮಾಡ್ರಿ, ಪೇರಲದ ಬಗ್ಗಿ ಇದಕ್ಕಿಂತ ಹೆಚ್ಚು ಹೇಳೋದು ಏನಿಲ್ಲ.

ಮಾವಿನದು ಬ್ಯಾರೆ ಕಥಿ. ಬುತ್ತಿ ಕಟ್ಕೊಂಡು ಇಳಿಯೋ ಹಣ್ಣು ಅಂದ್ನಲ್ಲ, ಹಂಗಾಗಿ ಕೊನೇ ವಾರದ ಮಳಿಗೆ ಅದರ ಸಿಹಿ ಪಪ್ಪಾಯಿಯಷ್ಟು ಕೆಡಂಗಿಲ್ಲ, ಸಿಪ್ಪಿ ಕೆಡ್ತದ. ಕೇಸರ್‌ಗೆ ವರ್ಷದಾಗ ಮೂರು ಸಲ ಹುಷಾರಿರ್ರಿ. ಡಿಸೆಂಬರ್‌ನಾಗ ಒಣ ಥಂಡಿ ಬೇಕು, ರಾತ್ರಿ 15ರ ಕೆಳಗ ಇಳಿದು ಒಂದೆರಡು ವಾರ ನಿಂತ್ರ ಹೂವು ಒಮ್ಮೆಲೇ ತುಂಬಿ ಬರ್ತದ, ಆವಾಗ ನೀರು ಕೊಟ್ರ ಹೂವಿನ ಬದಲಿ ಚಿಗುರು ಬರ್ತದ, ಕೊಡಬ್ಯಾಡ್ರಿ. ಆಮ್ಯಾಲ ಜನವರಿ ಫೆಬ್ರವರಿ, ಗಿಡ ತುಂಬ ಹೂವು ಇದ್ದಾಗ ಮೂರ್ನಾಲ್ಕು ದಿನ ಮೋಡ ಕವಿದು ಮುಂಜಾನಿ ಇಬ್ಬನಿ ಬಿದ್ರ ಬೂದಿ ರೋಗ, ಜಿಗಿಹುಳ ಎರಡೂ ಕೂಡಿ ಬರ್ತಾವ. ಗಿಡದ ಕೆಳಗ ನಿಂತು ಟೊಂಗಿ ಅಲ್ಲಾಡಿಸಿದ್ರ ಚಟಚಟ ಅಂತ ಹುಳ ಹಾರ್ತಾವ, ಎಲಿ ಅಂಟಂಟು ಇರ್ತದ. ಮೋಡದ ಸುದ್ದಿ ಬಂದ ದಿನನೇ, ಹೂವು ಪೂರಾ ಅರಳೋಕ ಮೊದಲೇ, ಬೂದಿ ರೋಗಕ್ಕ ನೀರಾಗ ಕರಗೋ ಗಂಧಕ ಲೀಟರ್‌ಗೆ 3 ಗ್ರಾಂ ಹೊಡೀರಿ. ಹೂವು ಪೂರಾ ಅರಳಿದ ಮ್ಯಾಲ ಹುಳದ ಔಷಧಿ ಹೊಡೆದ್ರ ಜೇನು ನೊಣ ಸಾಯ್ತಾವ, ಕಾಯಿ ಕಟ್ಟಿಸೋರು ಅವೇ.

ಮೂರನೇದ್ದು ಏಪ್ರಿಲ್ ಮೇದಾಗಿನ ಅಡ್ಡಮಳಿ, ಆಣೆಕಲ್ಲು. ಕಲ್ಲು ಬಿದ್ದ ಕಾಯಿ ಹೊರಗ ಸಣ್ಣ ಕಲಿ ಇದ್ರೂ ಒಳಗ ಜಜ್ಜಿರ್ತದ, ಅದನ್ನ ಬ್ಯಾರೆ ಇಡ್ರಿ, ಉಪ್ಪಿನಕಾಯಿಗೆ ಹೋಗ್ಲಿ, ಅಡಿಗಿಯೊಳಗ ಹಾಕಿದ್ರ ಪಕ್ಕದ ಹತ್ತು ಕೆಡಿಸ್ತದ. ಬರೇ ಮಳಿ ಆದ್ರ ಮಾರನೇ ದಿನ ಇಳಿಸಬ್ಯಾಡ್ರಿ, ಕಾಯಿ ನೀರು ಕುಡಿದು ಬಿಗಿದಿರ್ತದ, ತೊಟ್ಟು ಮುರಿದ್ರ ಸೊನಿ ಪಿಚಕಾರಿಯಂಗ ಹಾರಿ ಸಿಪ್ಪಿ ಸುಟ್ಟು ಕರ್ರಗ ಮಾಡ್ತದ. ಎರಡ್ಮೂರು ದಿನ ಬಿಟ್ಟು, ನಾಲ್ಕು ಬೆರಳು ತೊಟ್ಟು ಬಿಟ್ಟು ಕತ್ತರಿಸ್ರಿ, ಆಮ್ಯಾಲ ತೊಟ್ಟು ಸಣ್ಣದು ಮಾಡಿ ತಲಿಕೆಳಗ ಇಟ್ಟು ಸೊನಿ ಇಳಿಸ್ರಿ. ಬಲಿತದೋ ಇಲ್ಲೋ ಡೌಟ್ ಇದ್ರ ಬಕೀಟ್ ನೀರಿನಾಗ ಹಾಕ್ರಿ, ಬಲಿತ ಕಾಯಿ ಮುಳುಗ್ತದ. ಅಡ್ಡಮಳಿ ಆದ ಮ್ಯಾಲ ಹಣ್ಣಿನ ನೊಣನೂ ಏಳ್ತಾವ, ಮಿಥೈಲ್ ಯುಜಿನಾಲ್ ಬಲಿ (ವಾಸನಿಗೆ ನೊಣ ಸೆಳೆದು ಹಿಡಿಯೋ ಬಲೆ) ಏಪ್ರಿಲ್‌ನಾಗೇ ಕಟ್ರಿ, ಮಳಿ ಆದ ಮ್ಯಾಲ ಕಟ್ಟಿದ್ರ ಅರ್ಧ ನೊಣ ಆಗಲೇ ಮೊಟ್ಟಿ ಇಟ್ಟಿರ್ತಾವ.

ಹವಾಮಾನದ ಸುದ್ದಿ ಎಲ್ಲಿಂದ ತಗೋಬೇಕು ಅಂದ್ರ, ಹವಾಮಾನ ಇಲಾಖೆ ಕೃಷಿ ವರದಿ ಪ್ರತಿ ಮಂಗಳವಾರ, ಶುಕ್ರವಾರ ಬರ್ತದ, ಮುಂದಿನ ಐದು ದಿನದ್ದು, ಮೇಘದೂತ ಆಪ್‌ನಾಗ ಕನ್ನಡದಾಗೇ ಓದ್ಬಹುದು. ಮೊದಲಿನ ಎರಡು ದಿನದ್ದು ನಂಬಿ ಕೂಲಿ ಆಳು ಕರೀರಿ, ಐದನೇ ದಿನದ್ದು ಅಂದಾಜು ಅಂತ ಇಟ್ಕೊಳ್ರಿ. ಜೊತಿಗೆ ಒಂದು ನೋಟ್‌ಬುಕ್, ಪಂಚಾಂಗದ ಪಕ್ಕ ನೇತುಹಾಕ್ರಿ, ವಾರಕ್ಕೊಮ್ಮೆ ನಾಲ್ಕೇ ಮಾತು: ಎಷ್ಟು ದಿನ ಮಳಿ, ಎಷ್ಟು ದಿನ ಬಿಚ್ಚು ಬಿಸಲು, ರಾತ್ರಿ ಥಂಡಿ ಇತ್ತೋ ಸೆಕಿ ಇತ್ತೋ, ಆ ವಾರದ ಹಣ್ಣಿನ ಬ್ರಿಕ್ಸ್ ಎಷ್ಟು. ಎರಡೂ ಎಕರೆದು ಬ್ಯಾರೆ ಬ್ಯಾರೆ ಬರೀರಿ.

ಈಗ ನಾಳೆ ಮುಂಜಾನಿ ಮಾಡೋ ಕೆಲಸ ಹೇಳ್ತೀನಿ. ಯರಿ ಎಕರೆದಾಗ ಎಲಿ ಹಳದಿ ಆದ ಒಂದು ಗಿಡ, ನೆಟ್ಟಗಿದ್ದ ಒಂದು ಗಿಡ, ಎರಡರ ಬುಡಾನೂ ಒಂದು ಕಡಿ ಗೇಣು ಆಳ ಕೆದರಿ ಬೇರು ಹಿಡಿದು ಜಗ್ರಿ. ಸಿಪ್ಪಿ ಕೈಗೆ ಬಂತೋ, ಬಿಳಿ ಬೇರು ಉಳಿದದೋ ಅಷ್ಟು ಬರೆದು ತಿಳಿಸ್ರಿ, ಮುಂದಿಂದು ಅದರ ಮ್ಯಾಲ ಹೇಳ್ತೀನಿ. ಅಲ್ಲಿತನಕ ಕೆಂಪು ಮಣ್ಣಿನ ಮಾಲ್ ಅಷ್ಟೇ ಕೊಡ್ರಿ, ಬ್ಯಾರೆ ಕ್ರೇಟ್‌ನಾಗ.